ಹೆಪ್ಪಾಗದ ಹಾಲು

ನಮ್ಮ ಮನೆಯಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ನನ್ನ ಹೆಂಡತಿಯ ಕೆಲಸ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೊಸರು ಹುಳಿಯಾದದ್ದುಂಟು, ನೀರಾದದ್ದುಂಟು, ಬೆಕ್ಕಿನ ಪಾಲಾದದ್ದೂ ಉಂಟು. ಆದರೆ ಹಾಲು ಹಾಲಾಗಿಯೇ ಉಳಿದದ್ದು ಒಂದೇ ಒಂದು ಸಲ. 2013ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವಳು ಪಾತ್ರೆಯ ಮುಚ್ಚಳ ತೆಗೆದು, "ಇದೇನ್ರೀ, ರಾತ್ರಿ ಇಟ್ಟಂಗೇ ಐತೆ" ಎಂದಳು. ಬೆರಳು ಅದ್ದಿ ಎತ್ತಿದರೆ ತೊಟ್ಟಿಕ್ಕಿತು. ಮಳೆಗಾಲದ ಥಂಡಿ ಇರಬೇಕು ಅಂದೆ ನಾನು. ಅವಳು ಏನೂ ಅನ್ನದೆ ನನ್ನ ಮುಖ ನೋಡಿದಳು. ಥಂಡಿಯಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಗೊತ್ತಿದ್ದದ್ದು ಹೇಗೆ ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ. ಹೇಳಿಕೊಳ್ಳುವಂಥ ವಿಷಯವೇನೂ ಅಲ್ಲ ಇದು.

ನಮ್ಮದು ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ದಾರಿಯ ಒಳಗಿನ ಒಂದು ಹಳ್ಳಿ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಈಗ ನಿವೃತ್ತ. ನಮ್ಮ ಕಡೆ ಮೇಷ್ಟ್ರಾದರೂ ಸರಿ, ಪಟೇಲನಾದರೂ ಸರಿ, ಮನೆಯಲ್ಲಿ ಎರಡು ಹಸು, ಹಿತ್ತಲಿಗೆ ತಾಗಿ ಅರ್ಧ ಎಕರೆ ಹಿಪ್ಪುನೇರಳೆ ಇದ್ದೇ ಇರುತ್ತದೆ. ರೇಷ್ಮೆ ಗೂಡಿನ ದುಡ್ಡು ತಿಂಗಳಿಗೊಮ್ಮೆ ಬಂದರೆ ಬಂತು; ಹಾಲಿನ ದುಡ್ಡು ಮಾತ್ರ ತಪ್ಪದೆ ಬರುತ್ತದೆ. ಆಗ ನಮ್ಮಲ್ಲಿದ್ದದ್ದು ಗೌರಿ ಎಂಬ ಕಪ್ಪು ಬಿಳುಪಿನ ಸೀಮೆಹಸು ಮತ್ತು ಕೆಂಚಿ ಎಂಬ ನಾಟಿ. ಗೌರಿಯ ಹಾಲು ಡೇರಿಗೆ, ಕೆಂಚಿಯದು ಮನೆಗೆ. ಈ ಏರ್ಪಾಟು ಮೊದಲಿನಿಂದಲೂ ಇದ್ದದ್ದು, ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕೆಂಚಿಯ ಹಾಲು ಗಟ್ಟಿ, ನಮಗೆ ರುಚಿ. ಗೌರಿಯದು ತೆಳು, ಆದರೆ ಲೀಟರು ಹೆಚ್ಚು.

ಆ ತಿಂಗಳು ಗೌರಿಗೆ ಕೆಚ್ಚಲು ಬಾವು ಬಂತು. ಹಸು ಸಾಕಿದವರಿಗೆ ಈ ರೋಗದ ಹೆಸರು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಒಂದು ಮೊಲೆ ಕಲ್ಲಿನಂತಾಗಿ, ಕರೆದರೆ ಒಡೆದ ಹಾಲಿನ ಗರಣೆ ಬರತೊಡಗಿತು. ಪಶುವೈದ್ಯರು ಬಂದರು. ಮೊಲೆಯ ತೂತಿನೊಳಕ್ಕೆ ಏರಿಸುವ ಟ್ಯೂಬು ಮೂರು ದಿನ, ಜೊತೆಗೆ ಸೂಜಿ. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಮೇಷ್ಟ್ರೇ, ಟ್ಯೂಬು ಹಾಕೋ ಮೂರು ದಿನ, ಆಮೇಲೆ ಏಳು ದಿನ, ಈ ಹಸುವಿನ ಹಾಲು ಡೇರಿಗೆ ಹಾಕಬೇಡಿ, ಮನೇಲೂ ಕುಡೀಬೇಡಿ" ಅಂದರು. "ಬಾವು ಬಂದಿರೋ ಮೊಲೇದು ತಾನೇ ಸಾರ್?" ಅಂದೆ. "ನಾಲ್ಕೂ ಮೊಲೇದು. ಔಷಧಿ ರಕ್ತಕ್ಕೆ ಹೋಗುತ್ತೆ, ರಕ್ತದಿಂದ ಹಾಲಿಗೆ ಬರುತ್ತೆ" ಅಂದರು. ಅವರು ಹೇಳಬೇಕಾದ್ದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ನಾನೂ ಸ್ಪಷ್ಟವಾಗಿಯೇ ಕೇಳಿಸಿಕೊಂಡಿದ್ದೆ.

ಹತ್ತು ದಿನ. ಬಾವಿನಿಂದ ಹಾಲು ಇಳಿದಿದ್ದರೂ ದಿನಕ್ಕೆ ಹತ್ತು ಲೀಟರಿಗೆ ಮೋಸವಿರಲಿಲ್ಲ. ನೂರು ಲೀಟರು ಹಾಲನ್ನು ತಿಪ್ಪೆಗೆ ಸುರಿಯಬೇಕು. ಸರ್ಕಾರದ ಪ್ರೋತ್ಸಾಹಧನವೂ ಸೇರಿದರೆ ಎರಡೂವರೆ ಸಾವಿರ ರೂಪಾಯಿಯ ಮಾತು. ಮೇಷ್ಟ್ರ ಸಂಬಳ ಬರುವ ನನಗೇ ಅದು ಚುರುಕ್ ಅಂದಿತು. ಹಾಲನ್ನೇ ನಂಬಿದ ವಿಧವೆಯೊಬ್ಬಳಿಗೆ ಹೇಗಾದೀತು ಎಂದು ಯೋಚಿಸಿದೆ. ಈಗ ನೋಡಿದರೆ ಆ ಯೋಚನೆ ನನ್ನ ಜೇಬಿನ ಪರವಾಗಿ ಹೂಡಿದ ವಾದ, ವಿಧವೆಯ ಮೇಲಿನ ಕರುಣೆಯಲ್ಲ. ಗರಣೆ ಬರುತ್ತಿದ್ದ ಮೊಲೆಯದನ್ನು ಚೆಲ್ಲಿ, ಉಳಿದ ಮೂರರ ಹಾಲನ್ನು ಮೂರನೆಯ ದಿನದಿಂದಲೇ ಡೇರಿಗೆ ಹಾಕತೊಡಗಿದೆ. ಸೊಸೈಟಿಯಲ್ಲಿ ಜಿಡ್ಡು ನೋಡಿದರು, ಡಿಗ್ರಿ ನೋಡಿದರು, ಪಟ್ಟಿಯಲ್ಲಿ ಬರೆದುಕೊಂಡರು. ಅಲ್ಲಿ ನೋಡುವುದೂ ಅಷ್ಟನ್ನೇ.

ಮನೆಗೆ ಮಾತ್ರ ಕೆಂಚಿಯ ಹಾಲೇ. ಆ ದಿನಗಳಲ್ಲಿ ನನ್ನ ಹೆಂಡತಿ ಎರಡು ಪಾತ್ರೆಗಳನ್ನು ಎಂದಿಗಿಂತ ಜೋಪಾನವಾಗಿ ಬೇರೆ ಬೇರೆ ಇಡುತ್ತಿದ್ದಳು. ಅದರ ಬಗ್ಗೆ ನಾವು ಮಾತಾಡಿಕೊಳ್ಳಲಿಲ್ಲ. ಒಂದು ಸಂಜೆ ಮಗ ಅವಸರದಲ್ಲಿ ಪಾತ್ರೆ ಅದಲು ಬದಲು ಮಾಡಿದ. ಹಾಗಾಗಿ ಆ ರಾತ್ರಿ ಹೆಪ್ಪು ಬಿದ್ದದ್ದು ಗೌರಿಯ ಹಾಲಿಗೆ. ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಜೀವಾಣುಗಳು. ಕೆಚ್ಚಲಿನ ಜೀವಾಣುವನ್ನು ಕೊಲ್ಲುವ ಔಷಧಿಗೆ ಹೆಪ್ಪಿನ ಜೀವಾಣುವಿನ ಮೇಲೆ ದಯೆಯೇನೂ ಇಲ್ಲ. ಕಾಯಿಸಿದರೂ ಹೋಗುವಂಥದ್ದಲ್ಲ ಪೆನಿಸಿಲಿನ್ ಜಾತಿಯ ಔಷಧಿ. ಕುದಿಸಿದರೆ ಕಳೆಯುವುದು ಅದರ ಸ್ವಲ್ಪ ಭಾಗ ಮಾತ್ರ. ಪುಡಿ ಮಾಡಿದರೂ ಉಳಿಯುತ್ತದೆ.

ಪುಡಿಯ ಮಾತು ಯಾಕೆ ಬಂತೆಂದರೆ, ಅದೇ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಶುರುವಾಗಿತ್ತು. ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ, ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲಸಿ 150 ಮಿಲಿಲೀಟರು ಹಾಲು. ಪುಡಿ ಬರುತ್ತಿದ್ದದ್ದು ನಮ್ಮಂಥ ಹಳ್ಳಿಗಳ ಹಾಲಿನಿಂದಲೇ. ಅಡಿಗೆಯವರು ಕಲಸಿಕೊಟ್ಟದ್ದನ್ನು ನಾನೇ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದೆ. ಮಕ್ಕಳು ಸಾಲಾಗಿ ನಿಂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಮೀಸೆ ಮಾಡಿಕೊಂಡು ಕುಡಿಯುತ್ತಿದ್ದರು. ಹಾಲು ಹೆಪ್ಪಾಗದ ಆ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಹಾಲಿನ ದಿನ. ಬಗ್ಗಿಸುತ್ತ ಬಗ್ಗಿಸುತ್ತ ಕೈ ನಿಂತಿತು. ಇದು ಗೌರಿಯ ಹಾಲಲ್ಲ, ಯಾವ ತಿಂಗಳು ಯಾವ ಊರಿನಲ್ಲಿ ಕರೆದದ್ದೋ ಎಂದು ನನ್ನ ಬುದ್ಧಿ ತಕ್ಷಣ ಹೇಳಿತು. ಹೇಳಿದ್ದು ನಿಜವೂ ಆಗಿತ್ತು. ಆದರೆ ಆ ಯಾವುದೋ ಊರಿನಲ್ಲಿ ನನ್ನಂಥ ಒಬ್ಬ ಮೇಷ್ಟ್ರು ಇದ್ದಿರಬಹುದಲ್ಲ, ಅವನೂ ಮನೆಯ ಹಾಲನ್ನು ಬೇರೆ ಇಟ್ಟಿರಬಹುದಲ್ಲ?

ಆಮೇಲೆ ಈ ವಿಷಯದ ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳುವ ಚಪಲ ಹತ್ತಿತು. ತಪ್ಪು ಮಾಡಿದವರಿಗೆ ಕಾನೂನು ಓದುವ ಉತ್ಸಾಹ ಹೆಚ್ಚು; ಎಲ್ಲಾದರೂ ಸಂದು ಸಿಕ್ಕೀತೇನೋ ಎಂಬ ಆಸೆ. ನನಗೆ ಸಿಕ್ಕಿತು.

ಔಷಧಿಗಳಿಗೆ ನಮ್ಮಲ್ಲಿ 1940ರ ಕಾಯಿದೆಯಿದೆ, ಅದಕ್ಕೆ 1945ರ ನಿಯಮಗಳಿವೆ. ದನದ ಔಷಧಿಯ ಚೀಟಿಯ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರವಿರಬೇಕು, ಮನುಷ್ಯರಿಗಲ್ಲ ಎಂದು ಬರೆದಿರಬೇಕು ಎನ್ನುವುದು ಆ ನಿಯಮಗಳಲ್ಲಿದೆ. 2012ರ ಜನವರಿಯಲ್ಲಿ ಅದಕ್ಕೊಂದು ಮಾತು ಸೇರಿಸಿದರು: ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಆ ಪ್ರಾಣಿಯ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಎಂಬುದನ್ನು ಚೀಟಿಯ ಮೇಲೆ ಅಚ್ಚು ಹಾಕಬೇಕು. ಆ ಅವಧಿಯನ್ನು ಪರೀಕ್ಷೆ ಮಾಡಿ ಗೊತ್ತುಮಾಡಿರದಿದ್ದರೆ ಹಾಲಿಗೆ, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ವೈದ್ಯರು ಹೇಳಿದ ಏಳು ದಿನದ ಮೂಲ ಇಲ್ಲಿತ್ತು.

ಆದರೆ ನೋಡಿ, ಈ ನಿಯಮ ಮಾತಾಡುತ್ತಿರುವುದು ಔಷಧಿ ಮಾಡುವವನ ಜೊತೆ. ಹಾಲು ಕರೆಯುವವನ ಜೊತೆಯಲ್ಲ. ಚೀಟಿಯ ಮೇಲೆ ಏಳು ದಿನ ಎಂದು ಅಚ್ಚಾದರೆ ನಿಯಮದ ಕೆಲಸ ಮುಗಿಯಿತು. ಅದನ್ನು ಓದಿ ನಾನು ಏನು ಮಾಡಬೇಕೆಂಬುದು ಅದರಲ್ಲಿಲ್ಲ. ಆಹಾರದ್ದು ಬೇರೆ ಕಾಯಿದೆ, 2006ರದ್ದು. ಅದರ 21ನೆಯ ಸೆಕ್ಷನ್ನು ಯಾವ ಆಹಾರದಲ್ಲೂ ದನದ ಔಷಧಿಯ ಶೇಷ, ಆಂಟಿಬಯೋಟಿಕ್ಕಿನ ಶೇಷ ಗೊತ್ತುಮಾಡಿದ ಮಿತಿಯನ್ನು ಮೀರಿರಬಾರದು ಎನ್ನುತ್ತದೆ. ಅಬ್ಬ, ಸಿಕ್ಕಿಬಿದ್ದೆ ಅಂದುಕೊಂಡರೆ, ಅದಕ್ಕೆ ಮುಂಚೆಯೇ 18ನೆಯ ಸೆಕ್ಷನ್ನಿನಲ್ಲಿ, ಈ ಕಾಯಿದೆ ರೈತನಿಗೆ, ಅವನ ಬೇಸಾಯಕ್ಕೆ, ಅವನ ದನಕರುಗಳಿಗೆ ಅನ್ವಯಿಸುವುದಿಲ್ಲ ಎಂದು ಬರೆದಿದೆ. ಬಡ ರೈತನನ್ನು ಇನ್ಸ್‌ಪೆಕ್ಟರನ ಕೈಯಿಂದ ಉಳಿಸಲು ಮಾಡಿದ ಒಳ್ಳೆಯ ಕೆಲಸವೇ ಅದು. ನಾನೂ ಬೇಡವೆನ್ನುವುದಿಲ್ಲ. ಹಳ್ಳಿ ಹಳ್ಳಿಗೆ ಇನ್ಸ್‌ಪೆಕ್ಟರು ಬಂದು ಚೊಂಬಿಗೆ ಕೈ ಹಾಕತೊಡಗಿದರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೆ? ಹಾಲು ಶುದ್ಧವಾಗುವುದಿಲ್ಲ, ಇನ್ಸ್‌ಪೆಕ್ಟರ ಮನೆಗೆ ತುಪ್ಪ ಹೋಗುತ್ತದೆ.

ಅಂತೂ ನನ್ನ ಕೊಟ್ಟಿಗೆಯೊಳಗೆ ಕಾನೂನಿನ ಕೈ ಬರುವುದಿಲ್ಲ. ಬಾಗಿಲಲ್ಲಿ ನಿಂತು ಏಳು ದಿನ ಎಂದು ಕೂಗಿ ಹೇಳುತ್ತದೆ, ಅಷ್ಟೆ. ಒಳಗಿರುವುದು ನಾನು, ಹಸು, ಮತ್ತು ಪಾತ್ರೆ ಬೇರೆ ಇಡುವ ಹೆಂಡತಿ.

ಇಲ್ಲೊಂದು ವಿಚಿತ್ರ ನನಗೆ ಹೊಳೆದದ್ದು ಹುಳುವಿನ ಮನೆಯಲ್ಲಿ. ರೇಷ್ಮೆ ಸಾಕುವವರಿಗೆ ಇದು ಅಂಗೈ ನೆಲ್ಲಿ. ಹಿಪ್ಪುನೇರಳೆ ಸೊಪ್ಪಿಗೆ ಕೀಟ ಬಿದ್ದರೆ ಔಷಧಿ ಹೊಡೆಯುತ್ತೇವೆ. ಹೊಡೆದ ಮೇಲೆ ಔಷಧಿಗೆ ತಕ್ಕಂತೆ ಹತ್ತೋ ಇಪ್ಪತ್ತೋ ದಿನ ಆ ಸೊಪ್ಪನ್ನು ಮುಟ್ಟುವುದಿಲ್ಲ. ಇದಕ್ಕೆ ಯಾವ ಇನ್ಸ್‌ಪೆಕ್ಟರೂ ಬೇಕಿಲ್ಲ. ಓದಲು ಬಾರದ ನಮ್ಮೂರಿನ ಮುದುಕಿಯೂ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು ದಿನ ಎಣಿಸುತ್ತಾಳೆ. ಪಕ್ಕದ ಹೊಲದವನು ಔಷಧಿ ಹೊಡೆದು ಗಾಳಿ ಇತ್ತ ಬೀಸಿದರೆ ಜಗಳವೇ ಆಗುತ್ತದೆ. ಯಾಕೆ ಇಷ್ಟು ಶ್ರದ್ಧೆ? ಒಂದು ದಿನ ಮುಂಚೆ ಸೊಪ್ಪು ಕೊಯ್ದರೆ ಸಾಯಂಕಾಲದೊಳಗೆ ಇಡೀ ಮನೆಯ ಹುಳು ಬಾಯಿಂದ ಹಸಿರು ನೀರು ಬಿಟ್ಟುಕೊಂಡು ತಟ್ಟೆಯಲ್ಲಿ ಸತ್ತು ಬಿದ್ದಿರುತ್ತದೆ. ಹುಳು ಸಾಲ ಕೊಡುವ ಗಿರಾಕಿಯಲ್ಲ, ಅಲ್ಲೇ ಲೆಕ್ಕ ಚುಕ್ತಾ.

ಹಾಗಾದರೆ ನಾನು ಹುಳುವಿಗೆ ತೋರಿಸಿದ ಮರ್ಯಾದೆಯನ್ನು ಹಾಲು ಕುಡಿಯುವವರಿಗೆ ತೋರಿಸಲಿಲ್ಲ. ಅದೇ ಮನೆ, ಅದೇ ಕೈ, ಅದೇ ವಾರ. ಹುಳು ಸಾಯುತ್ತದೆ, ಆದ್ದರಿಂದ ಕಾಯುತ್ತೇನೆ. ಬೆಂಗಳೂರಿನ ಮನುಷ್ಯ ಸಾಯುವುದಿಲ್ಲ, ಆದ್ದರಿಂದ ಕಾಯುವುದಿಲ್ಲ. ಇದರಲ್ಲಿ ನೀತಿ ಎಲ್ಲಿದೆ? ಹುಳುವಿನ ವಿಷಯದಲ್ಲಿ ನಾನು ನೀತಿವಂತನಾಗಿದ್ದೆನೆಂದು ಹೇಳುವ ಹಾಗೂ ಇಲ್ಲ. ಅಲ್ಲಿ ನನ್ನ ಲಾಭವೂ ನಿಯಮವೂ ಒಂದೇ ಕಡೆ ಇದ್ದವು, ಅಷ್ಟೆ. ಎರಡೂ ಬೇರೆಯಾದ ದಿನ ಮಾತ್ರ ನೀತಿಯ ಪರೀಕ್ಷೆ. ನನ್ನ ಜೀವನದಲ್ಲಿ ಅಂಥ ದಿನಗಳು ಎಷ್ಟು ಬಂದಿದ್ದವೆಂದು ಎಣಿಸಲು ಕೂತರೆ ಬಹಳ ಸಿಗಲಿಲ್ಲ. ಸರ್ಕಾರಿ ಕೆಲಸ, ಹೊತ್ತಿಗೆ ಸಂಬಳ, ಊರಿನಲ್ಲಿ ಮರ್ಯಾದೆ. ಒಳ್ಳೆಯವನಾಗಿರುವುದು ನನಗೆ ಅಗ್ಗವಾಗಿಯೇ ಸಿಕ್ಕಿತ್ತು.

ನನ್ನ ಪರವಾಗಿ ಒಂದು ವಾದವಿದೆ, ಅದನ್ನೂ ಹೇಳಬೇಕು. ರಾಜ ಡಂಗುರ ಸಾರಿ, ಊರಿನವರೆಲ್ಲ ರಾತ್ರಿ ಒಂದೊಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕೆಂದ ಕಥೆ ಎಲ್ಲರಿಗೂ ಗೊತ್ತು. ಎಲ್ಲರೂ ಹಾಲು ಹಾಕುವಾಗ ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾಗುತ್ತದೆ ಎಂದು ಪ್ರತಿಯೊಬ್ಬನೂ ಯೋಚಿಸಿ, ಬೆಳಗಾದಾಗ ಕೊಳದ ತುಂಬ ನೀರು. ನಾನೇ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಆದರೆ ಹಾಲಿನ ಡೇರಿಯ ಕಥೆ ಹಾಗಿಲ್ಲ. ಅಲ್ಲಿ ಎಲ್ಲರೂ ನೀರು ಹಾಕುವುದಿಲ್ಲ. ನೂರು ಜನ ಒಳ್ಳೆಯ ಹಾಲನ್ನೇ ಹಾಕುತ್ತಾರೆ, ನೂರೊಂದನೆಯವನಾದ ನನ್ನ ಹತ್ತು ಲೀಟರು ಸಾವಿರಾರು ಲೀಟರಿನ ತಣ್ಣನೆಯ ತೊಟ್ಟಿಯಲ್ಲಿ ಕರಗಿಹೋಗುತ್ತದೆ. ನನ್ನ ತಪ್ಪು ನಿಜವಾಗಿಯೂ ಸಣ್ಣದಾಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆಸಿ ನೋಡಿತು. ಆಂಟಿಬಯೋಟಿಕ್ ಮಿತಿ ಮೀರಿದ್ದು 77ರಲ್ಲಿ. ನೂರಕ್ಕೆ ಒಂದು ಚಿಲ್ಲರೆ. ಊರೆಲ್ಲ ಹೆದರುವ ಕಲಬೆರಕೆ, ಅಂದರೆ ಕುಡಿದರೆ ಅಪಾಯ ಎನ್ನುವಂಥ ಕಲಬೆರಕೆ, ಸಿಕ್ಕಿದ್ದು ಬರೀ 12 ಮಾದರಿಗಳಲ್ಲಿ. ಉಳಿದವರ ಒಳ್ಳೆಯತನದಲ್ಲಿ ನನ್ನ ತಪ್ಪು ಕರಗುತ್ತದಾದರೆ ಅದು ತಪ್ಪು ಹೇಗಾಯಿತು?

ಈ ವಾದವನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಅದನ್ನು ಮುರಿದದ್ದು ಹದ್ದು.

ನಮ್ಮ ಊರಿನಿಂದ ಮೇಲೆ ನೋಡಿದರೆ ರಾಮದೇವರ ಬೆಟ್ಟ ಕಾಣುತ್ತದೆ. ಷೋಲೆ ಸಿನಿಮಾ ತೆಗೆದ ಬೆಟ್ಟ ಎಂದು ಬೆಂಗಳೂರಿನವರು ನೋಡಲು ಬರುತ್ತಾರೆ. ನಮಗೆ ಅದು ರಣಹದ್ದುಗಳ ಬೆಟ್ಟ. ನಾನು ಹುಡುಗನಾಗಿದ್ದಾಗ ಊರಾಚೆಯ ಬಯಲಿನಲ್ಲಿ ದನ ಸತ್ತು ಬಿದ್ದರೆ ಮಧ್ಯಾಹ್ನದೊಳಗೆ ಆಕಾಶ ಸುತ್ತತೊಡಗುತ್ತಿತ್ತು. ಮೊದಲು ಒಂದು ಚುಕ್ಕಿ, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಕತ್ತು ಬೋಳು, ನಡಿಗೆ ಕುಂಟು, ರೆಕ್ಕೆ ಬಿಚ್ಚಿದರೆ ಮಾತ್ರ ಚೆಂದ. ಸಂಜೆಗೆ ಮೂಳೆ ಉಳಿದಿರುತ್ತಿತ್ತು. 1996ರಲ್ಲಿ ನಮ್ಮಪ್ಪನ ಎತ್ತು ಮುಗ್ಗರಿಸಿ ಬಿದ್ದು ನೆಲ ಹಿಡಿಯಿತು. ಚೀಲ ಹೊತ್ತು ಊರೂರು ತಿರುಗುತ್ತಿದ್ದ ಒಬ್ಬಾತ ನೋವಿನ ಸೂಜಿ ಚುಚ್ಚಿದ. ಎತ್ತಿನ ನರಳಾಟ ನಿಂತಿತು. ಅಪ್ಪ ಅವನ ಕೈ ಹಿಡಿದುಕೊಂಡು ಅತ್ತರು. ಮಾರನೆಯ ದಿನ ಎತ್ತು ಸತ್ತಿತು. ಬಯಲಿಗೆ ಎಳೆಸಿದೆವು. ಹದ್ದುಗಳು ಬಂದವು, ಆಗಲೇ ಬಹಳ ಕಡಿಮೆ. ಸೂಜಿ ಯಾವುದೆಂದು ಅಪ್ಪ ಕೇಳಲಿಲ್ಲ. ಆ ವರ್ಷಗಳಲ್ಲಿ ಇಡೀ ದೇಶದ ದನಗಳಿಗೆ ನೋವಿಗೆ ಚುಚ್ಚುತ್ತಿದ್ದದ್ದು ಡೈಕ್ಲೋಫೆನಾಕ್. ಅಗ್ಗ, ಬೇಗ ಗುಣ.

ಆ ಔಷಧಿಯಿದ್ದ ಹೆಣವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಕತ್ತು ಜೋಲಿಸಿ ಸಾಯುತ್ತದೆ ಎಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ 2004ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ಹೊತ್ತಿಗೆ ಸಾವಿರಕ್ಕೆ ಒಂದು ಎನ್ನುವಷ್ಟಕ್ಕೆ ಇಳಿದಿತ್ತು. 2006ರಲ್ಲಿ ದನಕ್ಕೆ ಆ ಔಷಧಿ ತಯಾರಿಸುವುದನ್ನು ನಿಲ್ಲಿಸಲು ಹೇಳಿದರು, 2008ರಲ್ಲಿ ಗೆಜೆಟ್ಟಿನಲ್ಲಿ ನಿಷೇಧ ಬಂತು. ಆದರೆ ಮನುಷ್ಯರ ಡೈಕ್ಲೋಫೆನಾಕ್ ದೊಡ್ಡ ಬಾಟಲಿಯಲ್ಲಿ ಸಿಗುತ್ತಿತ್ತು. ಮನುಷ್ಯನಿಗೆ ಬೇಕಾದ್ದು ಮೂರು ಮಿಲಿಲೀಟರು, ಬಾಟಲಿಯೋ ಅದರ ಹತ್ತರಷ್ಟು. ಯಾರಿಗಾಗಿ ಎಂಬುದು ಅಂಗಡಿಯವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. 2015ರಲ್ಲಿ ಆ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಅದರ ದಾಯಾದಿಗಳನ್ನೂ ದನಗಳಿಗೆ ನಿಷೇಧಿಸಿದರು. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕ್ಯಾಂ ಎಂಬ ಬೇರೆ ಔಷಧಿ ಇದ್ದೇ ಇದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿದರು. ಬೆಟ್ಟಕ್ಕೆ ಬೋರ್ಡು ಬಂದಾಗ ಹದ್ದುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಇದನ್ನೆಲ್ಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಲೆಕ್ಕ. ಇಷ್ಟೊಂದು ಹದ್ದು ಸಾಯಬೇಕಾದರೆ ಎಷ್ಟು ಹೆಣದಲ್ಲಿ ಔಷಧಿ ಇರಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ನೂರಕ್ಕೆ ಒಂದು ಹೆಣವೂ ಬೇಕಿಲ್ಲ, ಅದಕ್ಕಿಂತ ಕಡಿಮೆಯೇ ಸಾಕು ಎಂದು ಬಂತು. ನೂರಕ್ಕೆ ತೊಂಬತ್ತೊಂಬತ್ತು ರೈತರು ಏನೂ ಚುಚ್ಚದೆ ದನವನ್ನು ಬಯಲಿಗೆ ಎಳೆದರೂ ಹದ್ದು ಉಳಿಯುವುದಿಲ್ಲ. ಅವರ ಒಳ್ಳೆಯ ಹೆಣಗಳಲ್ಲಿ ಆ ಒಬ್ಬನದು ಕರಗುವುದಿಲ್ಲ. ಒಂದು ಹೆಣಕ್ಕೆ ನೂರು ಹದ್ದು ಇಳಿಯುತ್ತವೆ, ನಾಳೆ ಇನ್ನೊಂದಕ್ಕೆ ಹಾರುತ್ತವೆ. ಇವತ್ತು ತಪ್ಪಿಸಿಕೊಂಡದ್ದಕ್ಕೆ ನಾಡಿದ್ದು ಸಿಗುತ್ತದೆ. ನಾನು ಹಾಕಿಕೊಂಡಿದ್ದ ಹಾಲಿನ ಲೆಕ್ಕಕ್ಕೂ ಇದಕ್ಕೂ ಅಂಕಿ ಬಹುಮಟ್ಟಿಗೆ ಒಂದೇ.

ಹಾಲೂ ಹೆಣವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನನ್ನ ಹತ್ತು ಲೀಟರಿನಿಂದ ಯಾರಾದರೂ ಕಾಯಿಲೆ ಬಿದ್ದರೆಂದೂ ಅಲ್ಲ. ಪೆನಿಸಿಲಿನ್ ಒಗ್ಗದವರಿಗೆ ಸ್ವಲ್ಪವೂ ತೊಂದರೆ ಕೊಡಬಹುದು. ಉಳಿದವರಿಗೆ ಆಗುವ ಕೇಡು ಬೇರೆ ರೀತಿಯದು, ಔಷಧಿಗೆ ಬಗ್ಗದ ಜೀವಾಣುಗಳು ನಿಧಾನವಾಗಿ ಹೆಚ್ಚುವುದು. ಅದಕ್ಕೆ ಯಾರ ಹೆಸರನ್ನೂ ಬರೆಯಲಾಗುವುದಿಲ್ಲ. ಆ ಒಗ್ಗದವರಿಗಾಗಿಯೇ ಹಲವು ದೇಶಗಳು ಸೇರಿ ಮಾಡಿಕೊಂಡ ಕೋಡೆಕ್ಸ್ ಮಿತಿ ಅಷ್ಟು ಬಿಗಿ: ಒಂದು ಕಿಲೋ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂ, ಅಂದರೆ ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು. ನಾನು ಹೇಳುತ್ತಿರುವುದು, 'ಸಣ್ಣದು' ಎಂಬ ಮಾತು ನನ್ನ ರಕ್ಷಣೆಗೆ ಬರುವುದಿಲ್ಲ ಎಂದಷ್ಟೆ.

ಅಪ್ಪನ ವಿಷಯ ಬೇರೆ. ಅವರು ಮಾಡಿದ್ದು ದಯೆಯಿಂದ, ತಿಳಿಯದೆ. ಅವರಿಂದ ಹದ್ದು ಸತ್ತಿದ್ದರೆ ಅದು ಕೇಡೇ, ಆದರೆ ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ. ನನ್ನಿಂದ ಕಣ್ಣಿಗೆ ಕಾಣುವ ಯಾವ ಕೇಡೂ ಆಗಲಿಲ್ಲ; ತಪ್ಪು ಮಾತ್ರ ಪೂರ್ತಿ ನನ್ನದು. ಕೇಡೂ ತಪ್ಪೂ ಹೀಗೆ ಬೇರೆ ಬೇರೆ ಮನೆಯಲ್ಲಿ ವಾಸ ಮಾಡಬಹುದು ಎನ್ನುವುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಶಾಲೆಯಲ್ಲಿ ಕಿಟಕಿ ಗಾಜು ಒಡೆದ ಹುಡುಗರಿಗೂ, ಒಡೆಯದೆ ಕಲ್ಲು ಬೀರಿದ ಹುಡುಗರಿಗೂ ಬೇರೆ ಥರ ಶಿಕ್ಷೆ ಕೊಡುತ್ತಿದ್ದೆನೇನೋ.

ಇನ್ನೊಂದು ಸೂಜಿಯ ಮಾತು ಹೇಳದಿದ್ದರೆ ಈ ಕಥೆ ಒಕ್ಕಣ್ಣಿನದಾಗುತ್ತದೆ. ಹಾಲು ಇಳಿಸುವ ಸೂಜಿ, ಆಕ್ಸಿಟೋಸಿನ್. ಕರು ಸತ್ತ ಹಸು ಸೊರೆ ಬಿಡದಿದ್ದರೆ ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ತಾಯಿ ಅದನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಇದಕ್ಕಿಂತ ದೊಡ್ಡ ಮೋಸ ಉಂಟೆ ಎಂದು ನನಗೆ ಚಿಕ್ಕಂದಿನಲ್ಲೇ ಅನ್ನಿಸುತ್ತಿತ್ತು. ಅದಕ್ಕೆ ಯಾವ ಕಾನೂನೂ ಇರಲಿಲ್ಲ. ಸೂಜಿಗೆ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಕೇಡಾಗುವಂತೆ ಮಾಡುವ ಫೂಕಾ ಎಂಬ ಪದ್ಧತಿಯನ್ನೂ, ಅಂಥ ಸೂಜಿಯನ್ನೂ ಅಪರಾಧ ಎನ್ನುತ್ತದೆ. ಎರಡು ವರ್ಷದವರೆಗೆ ಜೈಲು, ಸಾವಿರ ರೂಪಾಯಿಯವರೆಗೆ ದಂಡ, ಹಸು ಸರ್ಕಾರಕ್ಕೆ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಆ ಔಷಧಿಯನ್ನೇ ಮಾಡಬಾರದು, ನಮ್ಮ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದೇ ಮಾಡಬೇಕು ಎಂದು ಹೊರಡಿಸಿತು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸಿ ತಾಯಿಯ ಜೀವ ಉಳಿಸುವ ಔಷಧಿಯೂ ಅದೇ. ಹಸುವನ್ನು ಉಳಿಸಲು ಹೋಗಿ ಹೆಂಗಸರನ್ನು ಅಪಾಯಕ್ಕೆ ಒಡ್ಡಬಾರದೆಂದು ಕೆಲವರು ಕೋರ್ಟಿಗೆ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ತಮಾಷೆಯೆಂದರೆ ಪೇಟೆಯವರು ಹೆದರುವುದು ಈ ಸೂಜಿಗೇ. ಅದು ಪ್ರೋಟೀನಿನ ಸಣ್ಣ ತುಣುಕು, ಹಾಲಿನಲ್ಲಿ ಬಂದರೂ ಹೊಟ್ಟೆಯಲ್ಲಿ ಅರಗಿಹೋಗುತ್ತದೆ; ದಿನಾ ಚುಚ್ಚಿಸಿಕೊಳ್ಳುವ ಕಷ್ಟ ಹಸುವಿನದು. ಹೆದರಬೇಕಾದ ಟ್ಯೂಬಿನ ಹೆಸರೇ ಅವರಿಗೆ ಗೊತ್ತಿಲ್ಲ. ಭಯಕ್ಕೂ ಅಪಾಯಕ್ಕೂ ಪರಿಚಯವಿಲ್ಲ.

ಫೂಕಾದ ಹೆಸರು ಬಂದಾಗ ಗಾಂಧೀಜಿಯ ನೆನಪಾಗುತ್ತದೆ. ಹಸುಗಳಿಗೆ ಹೀಗೆ ಮಾಡುತ್ತಾರೆಂದು ಓದಿ ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟರು. 1918ರಲ್ಲಿ ಸಾಯುವಂಥ ಕಾಯಿಲೆ ಬಂದಾಗ ಕಸ್ತೂರಬಾ, ನೀವು ಬಿಟ್ಟದ್ದು ಹಸು ಎಮ್ಮೆಯ ಹಾಲು ತಾನೆ, ಮೇಕೆಯದಕ್ಕೇನು ಎಂದರು. ಗಾಂಧೀಜಿ ಒಪ್ಪಿದರು. ಆಮೇಲೆ ಆತ್ಮಕಥೆಯಲ್ಲಿ, ಪ್ರತಿಜ್ಞೆಯ ಅಕ್ಷರ ಉಳಿಯಿತು, ಅದರ ಜೀವ ಹೋಯಿತು ಎನ್ನುವ ಅರ್ಥದಲ್ಲಿ ಬರೆದುಕೊಂಡು ಕೊನೆಯವರೆಗೂ ನೊಂದರು. ಅವರಿಗೆ ಬದುಕಿ ಮಾಡಬೇಕಾದ ಕೆಲಸವಿತ್ತು. ನನಗೆ ಇದ್ದದ್ದು ಎರಡೂವರೆ ಸಾವಿರ ರೂಪಾಯಿ.

ಆ ಬೆಳಿಗ್ಗೆಯ ನಂತರ ಉಳಿದ ದಿನಗಳ ಹಾಲನ್ನು ನಾನು ಡೇರಿಗೆ ಹಾಕಲಿಲ್ಲ. ದೊಡ್ಡತನವೇನಲ್ಲ, ಉಳಿದಿದ್ದೇ ಮೂರು ದಿನ. ತಿಪ್ಪೆಗೆ ಸುರಿದರೆ ಔಷಧಿ ಮಣ್ಣಿಗೆ ಹೋಗುತ್ತದೆ, ಕರುವಿಗೆ ಕುಡಿಸಿದರೆ ಅದರ ಹೊಟ್ಟೆಯಲ್ಲಿ ಬಗ್ಗದ ಜೀವಾಣು ಬೆಳೆಯುತ್ತದೆ ಎಂದು ವೈದ್ಯರು ಆಮೇಲೊಮ್ಮೆ ಹೇಳಿದರು. ಪೂರ್ತಿ ಶುದ್ಧವಾದ ಜಾಗ ಯಾವುದೂ ಉಳಿದಿಲ್ಲ. ಊರಾಚೆಯ ಬರಡಿನಲ್ಲಿ ಗುಂಡಿ ತೋಡಿ ಸುರಿದೆ.

ಗೌರಿ ಈಗಿಲ್ಲ. ಅವಳ ಮಗಳಿಗೆ ಹೋದ ವರ್ಷ ಮತ್ತೆ ಬಾವು ಬಂತು, ಮತ್ತೆ ಟ್ಯೂಬು. ನಾಲ್ಕು ದಿನ ಹಾಲು ಹಾಕದಿದ್ದಾಗ ಸೊಸೈಟಿಯವರು ದಾರಿಯಲ್ಲಿ ಸಿಕ್ಕಿ, "ಯಾಕ್ ಮೇಷ್ಟ್ರೇ, ಪ್ರೈವೇಟಿನೋರಿಗೆ ಹಾಕ್ತಾ ಇದ್ದೀರಾ?" ಎಂದು ಕೇಳಿದರು. ಕಾರಣ ಹೇಳಿದೆ. "ಅಯ್ಯೋ, ಎಲ್ಲಾರೂ ಹಾಕ್ತಾರೆ, ತನ್ನಿ. ನಿಮ್ದೊಂದ್ರಿಂದ ಏನಾಯ್ತದೆ?" ಅಂದರು, ನಿಜವಾದ ಪ್ರೀತಿಯಿಂದ. ಆ ಪ್ರೀತಿಗೆ ಏನು ಉತ್ತರ ಕೊಡಬೇಕೋ ತಿಳಿಯದೆ ನಕ್ಕೆ. ಎರಡು ಮನೆ ಆಚೆ ಇರುವ ಹೆಣ್ಣುಮಗಳೊಬ್ಬಳ ಹಸುವಿಗೂ ಅದೇ ವಾರ ಬಾವು ಬಂದಿತ್ತು. ಅವಳಿಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ಚೆಲ್ಲಿದ ಹಾಲಿಗೆ ಯಾರೂ ಅವಳಿಗೆ ಒಂದು ರೂಪಾಯಿ ಕೊಡುವುದಿಲ್ಲ. ಅವಳು ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ನನ್ನ ಮುಂದೆಯೇ ಹೋಗುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಕ್ಯಾನನ್ನು ಆಚೆ ಕೈಗೆ ಬದಲಾಯಿಸುತ್ತಿದ್ದಳು. ಏನು ಹೇಳಲಿ ನಾನು? ಅವಳ ಹತ್ತು ಲೀಟರಿನ ದುಡ್ಡು ಕೊಡುತ್ತೇನೆ, ಚೆಲ್ಲು ಅನ್ನಲೇ ಎಂದು ಎರಡು ದಿನ ಯೋಚಿಸಿದೆ. ಅನ್ನಲಿಲ್ಲ.

ಏಳನೆಯ ದಿನ ಕಳೆದ ರಾತ್ರಿ ಹೆಂಡತಿ ಒಂದು ಲೋಟ ಹಾಲಿಗೆ ಹೆಪ್ಪು ಹಾಕಿ ಅಟ್ಟದ ಮೇಲಿಟ್ಟಳು. ಅದು ನಂಬುವ ಪರೀಕ್ಷೆಯಲ್ಲ, ಬಹಳ ಔಷಧಿಯಿದ್ದರೆ ಮಾತ್ರ ಹೆಪ್ಪಿಗೆ ತಿಳಿಯುತ್ತದೆ, ದಿನ ಎಣಿಸುವುದೇ ಸರಿ ಎಂದು ವೈದ್ಯರು ನಕ್ಕಿದ್ದರು. ಆದರೂ ಇಟ್ಟಳು. ಬೆಳಿಗ್ಗೆ ನಾನು ಏಳುವ ಮುಂಚೆಯೇ ಲೋಟವನ್ನು ಬಗ್ಗಿಸಿ ನೋಡಿ, ಏನೂ ಹೇಳದೆ, ಕ್ಯಾನನ್ನು ತೊಳೆದು ಜಗಲಿಯ ಮೇಲೆ ಇಟ್ಟಿದ್ದಳು.